ಹತ್ತು ನಾಟ್‌ಗೆ ಇಳಿಯಲು ಹಡಗಿನವರಿಗೆ ಕಷ್ಟವೇನು?

ಕೇಪ್‌ಕಾಡ್ ನಿವಾಸಿ:

ಹಡಗಿನ ಮೇಲೆ ಕೆಲಸ ಮಾಡುವವರು ಈ ವೇದಿಕೆಯಲ್ಲಿ ಕೆಲವರಾದರೂ ಇದ್ದೀರಿ. ಆದ್ದರಿಂದ ಪೀಠಿಕೆ ಇಲ್ಲದೆ ಕೇಳುತ್ತೇನೆ. ಒಂದು ಪ್ರಾಣಿ ಹಡಗಿನ ಕೆಳಗೆ ಸಿಕ್ಕಿ ಸಾಯುತ್ತಿದೆ ಎಂದು ಎಲ್ಲರಿಗೂ ಗೊತ್ತಿರುವ ಜಾಗದಲ್ಲಿ, ವರ್ಷದ ಕೆಲವೇ ತಿಂಗಳು ವೇಗ ಇಳಿಸಿ ಎಂದರೆ ಇಷ್ಟು ತಕರಾರು ಏಕೆ?

ನಾನಿರುವುದು ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ. ಚಳಿಗಾಲ ಮುಗಿಯುವ ಹೊತ್ತಿಗೆ ಇಲ್ಲಿನ ಕೇಪ್ ಕಾಡ್ ಕೊಲ್ಲಿಗೆ ಉತ್ತರ ಅಟ್ಲಾಂಟಿಕ್ ರೈಟ್ ತಿಮಿಂಗಿಲಗಳು ಮೇಯಲು ಬರುತ್ತವೆ. ಹದಿನೈದು ಮೀಟರ್ ಉದ್ದದ ದೇಹ, ತಿನ್ನುವುದು ಎರಡು ಮೂರು ಮಿಲಿಮೀಟರಿನ ಕೊಪೆಪಾಡ್ ಜೀವಿಗಳನ್ನು. ಬಾಯಿ ತೆರೆದುಕೊಂಡು ನೀರಿನ ಮೇಲ್ಪದರದಲ್ಲೇ ನಿಧಾನವಾಗಿ ಸಾಗುತ್ತವೆ. ಬೆನ್ನಿನ ಮೇಲೆ ಈಜುರೆಕ್ಕೆ ಇಲ್ಲ. ಕಪ್ಪು ಬೆನ್ನು, ಕಪ್ಪು ನೀರು. ತಲೆಯ ಮೇಲಿನ ಬಿಳಿಯ ಒರಟು ಚರ್ಮದ ಗುರುತುಗಳನ್ನು ನೋಡಿ ವಿಜ್ಞಾನಿಗಳು ಒಂದೊಂದನ್ನೂ ಬೇರೆ ಬೇರೆಯಾಗಿ ಗುರುತಿಸುತ್ತಾರೆ, ಪ್ರತಿಯೊಂದಕ್ಕೂ ಸಂಖ್ಯೆ ಕೊಟ್ಟು ದಾಖಲೆ ಇಡುತ್ತಾರೆ. ಹಾಗೆ ಒಂದೊಂದಾಗಿ ಎಣಿಸಲು ಸಾಧ್ಯವಾಗುವಷ್ಟೇ ಉಳಿದಿವೆ: ನಾಲ್ಕು ನೂರಕ್ಕಿಂತ ಕಡಿಮೆ. ಮರಿ ಹಾಕುವ ವಯಸ್ಸಿನ ಹೆಣ್ಣುಗಳು ಸುಮಾರು 70.

ಇವುಗಳ ಬೇಟೆಗೆ 1935ರಲ್ಲೇ ನಿಷೇಧ ಬಂತು. ಈಗ ಕೊಲ್ಲುತ್ತಿರುವುದು ಮುಖ್ಯವಾಗಿ ಎರಡು: ಏಡಿ ಮತ್ತು ಲಾಬ್‌ಸ್ಟರ್ ಬುಟ್ಟಿಗಳ ಹಗ್ಗ, ಮತ್ತು ಹಡಗು ಅಥವಾ ದೋಣಿಯ ಡಿಕ್ಕಿ. ಹಗ್ಗದ ವಿಷಯ ಬೇರೆಯೇ ದೊಡ್ಡದು. ಇಲ್ಲಿ ಡಿಕ್ಕಿಯ ಬಗ್ಗೆ ಮಾತ್ರ ಕೇಳುತ್ತಿದ್ದೇನೆ. 2008ರ ಡಿಸೆಂಬರಿನಿಂದ ಅಮೆರಿಕದ ಪೂರ್ವ ಕರಾವಳಿಯ ಗೊತ್ತಾದ ಪ್ರದೇಶಗಳಲ್ಲಿ, ಗೊತ್ತಾದ ತಿಂಗಳುಗಳಲ್ಲಿ, 65 ಅಡಿ ಮತ್ತು ಅದಕ್ಕಿಂತ ಉದ್ದದ ಹಡಗುಗಳು 10 ನಾಟ್ ಮೀರಬಾರದು ಎಂಬ ನಿಯಮವಿದೆ. ಅಂದರೆ ಗಂಟೆಗೆ ಹದಿನೆಂಟೂವರೆ ಕಿಲೋಮೀಟರ್. ಈ ಮಿತಿಯನ್ನು 35 ಅಡಿಯ ದೋಣಿಗಳಿಗೂ ವಿಸ್ತರಿಸಬೇಕು, ಪ್ರದೇಶವನ್ನೂ ಹಿಗ್ಗಿಸಬೇಕು ಎಂದು 2022ರಲ್ಲಿ ಪ್ರಸ್ತಾವ ಬಂತು. ಎರಡು ವರ್ಷಕ್ಕೂ ಹೆಚ್ಚು ಕಾಲ ಎಳೆದಾಡಿ 2025ರ ಜನವರಿಯಲ್ಲಿ ಸರ್ಕಾರವೇ ಅದನ್ನು ಹಿಂದಕ್ಕೆ ಪಡೆಯಿತು.

ಹಡಗಿನವರೇ, ನಿಜ ಹೇಳಿ. ಅಷ್ಟು ಕಷ್ಟವೇ?

ಅರಸೀಕೆರೆ ತೆಂಗು:

ನಾನು ಸಮುದ್ರ ನೋಡಿದ್ದೇ ಧರ್ಮಸ್ಥಳಕ್ಕೆ ಹೋದಾಗ ಮಂಗಳೂರಿಗೂ ಇಳಿದು ಬಂದಾಗ. ಆದರೂ ಕೇಳುತ್ತೇನೆ. ರಾಷ್ಟ್ರೀಯ ಹೆದ್ದಾರಿಯಲ್ಲಿ ಎಮ್ಮೆ ಮಲಗಿದರೆ ಲಾರಿಯವನು ಹಾರ್ನ್ ಹಾಕುತ್ತಾನೆ, ಎಮ್ಮೆ ಏಳುತ್ತದೆ. ಹದಿನೈದು ಮೀಟರಿನ ಪ್ರಾಣಿಗೆ ಅಷ್ಟು ದೊಡ್ಡ ಹಡಗು ಬರುವುದು ಕೇಳಿಸುವುದಿಲ್ಲವೇ? ಇಷ್ಟೆಲ್ಲ ತಂತ್ರಜ್ಞಾನ ಇದೆ, ಮುಂಭಾಗಕ್ಕೆ ಒಂದು ಧ್ವನಿವರ್ಧಕ ಕಟ್ಟಿದರೆ ಮುಗಿಯಿತಲ್ಲ. ವೇಗ ಇಳಿಸುವುದರಿಂದ ಸರಕು ತಡವಾದರೆ ಬೆಲೆ ಏರುವುದು ನಮ್ಮಂಥವರಿಗೆ.

ಉಡುಪಿ ಉಪನ್ಯಾಸಕಿ:

ತೆಂಗಿನವರ ಪ್ರಶ್ನೆಯನ್ನು ನನ್ನ ತರಗತಿಯಲ್ಲಿ ಪ್ರತಿ ವರ್ಷ ಯಾರಾದರೂ ಒಬ್ಬರು ಕೇಳುತ್ತಾರೆ, ಕೇಳಬೇಕಾದದ್ದೇ. ಅವರು ಹೇಳಿದ ಧ್ವನಿವರ್ಧಕದ ಪ್ರಯೋಗವನ್ನು ನಿಜವಾಗಿಯೂ ಮಾಡಿ ನೋಡಿದ್ದಾರೆ. ರೈಟ್ ತಿಮಿಂಗಿಲಗಳ ಮೈಗೆ ಹೀರುಬಟ್ಟಲಿನಿಂದ ಅಂಟುವ ಸಣ್ಣ ಉಪಕರಣ ಅಂಟಿಸಿ, ನೀರಿನೊಳಗೆ ಬೇರೆ ಬೇರೆ ಶಬ್ದ ಕೇಳಿಸಿದರು. ಹಡಗಿನ ಶಬ್ದ ಕೇಳಿಸಿದಾಗ ಅವು ತಮ್ಮ ಪಾಡಿಗೆ ತಾವು ಮೇಯುತ್ತಲೇ ಇದ್ದವು. ಎಚ್ಚರಿಕೆಗೆಂದೇ ತಯಾರಿಸಿದ ಕರ್ಕಶ ಶಬ್ದ ಕೇಳಿಸಿದಾಗ ಮೇವು ಬಿಟ್ಟು ಓರೆಯಾಗಿ ಮೇಲಕ್ಕೆ ಧಾವಿಸಿ, ನೀರಿನ ಮೇಲ್ಪದರದ ಸ್ವಲ್ಪ ಕೆಳಗೇ ಈಜತೊಡಗಿದವು. ಅಂದರೆ ಹಡಗಿನ ತಳ ಇರುವ ಆಳಕ್ಕೇ ನೆಟ್ಟಗೆ ಬಂದವು. ಈ ಫಲಿತಾಂಶ ಪ್ರಕಟವಾದದ್ದು 2004ರಲ್ಲಿ.

ಹಡಗಿನ ಶಬ್ದವನ್ನು ಏಕೆ ಲೆಕ್ಕಿಸುವುದಿಲ್ಲ? ಒಂದು, ಅವು ಹುಟ್ಟಿದಾಗಿನಿಂದ ಆ ಗದ್ದಲದಲ್ಲೇ ಬದುಕಿವೆ. ಅವುಗಳ ಕರೆ ಕೆಳ ಆವರ್ತನದ್ದು, ಹಡಗಿನ ಎಂಜಿನ್ ಮತ್ತು ಪ್ರೊಪೆಲರ್ ಶಬ್ದವೂ ಅದೇ ಪಟ್ಟಿಯಲ್ಲಿ ಬರುತ್ತದೆ. ಎರಡು, ಶಬ್ದ ಹುಟ್ಟುವುದು ಹಡಗಿನ ಹಿಂಭಾಗದಲ್ಲಿ. ಇನ್ನೂರು ಮುನ್ನೂರು ಮೀಟರಿನ ಉಕ್ಕಿನ ಒಡಲು ಮಧ್ಯೆ ಇರುವುದರಿಂದ ನೇರ ಮುಂದೆ ಶಬ್ದ ತಗ್ಗುತ್ತದೆ. ಅದೂ ಅಲ್ಲದೆ ನೀರಿನ ಮೇಲ್ಮೈಗೆ ತೀರಾ ಹತ್ತಿರದಲ್ಲಿ ಕೆಳ ಆವರ್ತನದ ಶಬ್ದ ಕ್ಷೀಣಿಸುತ್ತದೆ. ತಿಮಿಂಗಿಲ ಮಲಗುವುದು, ಉಸಿರಾಡುವುದು, ಮರಿಗೆ ಹಾಲೂಡಿಸುವುದು ಸರಿಯಾಗಿ ಅದೇ ಪದರದಲ್ಲಿ. ಹಡಗು ಅತಿ ಅಪಾಯಕಾರಿಯಾಗಿರುವ ದಿಕ್ಕಿನಲ್ಲೇ ಅದು ಅತಿ ಕಡಿಮೆ ಕೇಳಿಸುತ್ತದೆ.

ಅರಸೀಕೆರೆ ತೆಂಗು:

ಸರಿ ಮೇಡಂ, ಹಾರ್ನ್ ಬೇಡ. ಹಾಗಾದರೆ ಹಡಗಿನವರು ನೋಡಿಕೊಂಡು ತಿರುಗಿಸಲಿ.

ಪಣಂಬೂರು ನಾವಿಕ:

ಬಂದೆ, ಬಂದೆ. ಈಗ ರಜೆಯಲ್ಲಿ ಮನೆಯಲ್ಲಿದ್ದೇನೆ, ಪುರುಸೊತ್ತಿನಲ್ಲಿ ಬರೆಯುತ್ತೇನೆ. ಸರಕು ಹಡಗುಗಳಲ್ಲಿ ಕೆಡೆಟ್ ಆಗಿ ಸೇರಿ ಈಗ ಚೀಫ್ ಆಫೀಸರ್ ಆಗಿದ್ದೇನೆ. ಕೇಪ್‌ಕಾಡ್‌ನವರು ಹೇಳಿದ ನೀರಿನಲ್ಲೂ ಓಡಾಡಿದ್ದೇನೆ.

ಮೊದಲು ‘ನೋಡಿಕೊಂಡು ತಿರುಗಿಸಲಿ’ ಎಂಬುದು. ಹಡಗಿನ ಸೇತುವೆ, ಅಂದರೆ ನಾವು ನಿಂತು ನಡೆಸುವ ಜಾಗ, ಹೆಚ್ಚಿನ ಸರಕು ಹಡಗುಗಳಲ್ಲಿ ಹಿಂದುಗಡೆ ಇರುತ್ತದೆ. ಮುಂದೆ ಕಂಟೇನರ್‌ಗಳ ರಾಶಿ ಅಥವಾ ಕ್ರೇನ್‌ಗಳು. ಮೂಗಿನ ಮುಂದಿನ ಸಮುದ್ರ ಸ್ವಲ್ಪ ದೂರದವರೆಗೆ ನಮಗೆ ಕಾಣುವುದೇ ಇಲ್ಲ. ಆ ಕುರುಡು ಭಾಗ ಎರಡು ಹಡಗಿನುದ್ದ ಅಥವಾ 500 ಮೀಟರ್, ಇವೆರಡರಲ್ಲಿ ಕಡಿಮೆ ಯಾವುದೋ ಅದನ್ನು ಮೀರಬಾರದು ಎಂದು ಅಂತರರಾಷ್ಟ್ರೀಯ ನಿಯಮ ಹೇಳುತ್ತದೆ. ಅಂದರೆ 400 ಮೀಟರ್ ಕಾಣದಿದ್ದರೂ ದೊಡ್ಡ ಹಡಗು ನಿಯಮದೊಳಗೇ ಇದೆ. ಅದರಾಚೆ ಕಾಣುತ್ತದೆ, ಆದರೆ ಏನು ಕಾಣುತ್ತದೆ? ಬೆನ್ನುರೆಕ್ಕೆ ಇಲ್ಲದ ಪ್ರಾಣಿ ಹೆಚ್ಚಿನ ಹೊತ್ತು ನೀರಿನಿಂದ ಅಷ್ಟಾಗಿ ಮೇಲೇಳುವುದಿಲ್ಲ. ಉಸಿರು ಬಿಟ್ಟಾಗ ಎರಡು ಕವಲಾಗಿ ಏಳುವ ನೀರಿನ ಹುಡಿ ಕಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ಗಾಳಿ ಎದ್ದು ಅಲೆಯ ತಲೆ ಬೆಳ್ಳಗಾದರೆ ಅದೂ ಇಲ್ಲ. ರೇಡಾರ್‌ನ ಮೇಲೆ ಭರವಸೆ ಇಡುವಂತಿಲ್ಲ. ರಾತ್ರಿಯ ಮಾತು ಬಿಡಿ.

ಕಂಡಿತು ಎಂದೇ ಇಟ್ಟುಕೊಳ್ಳಿ. ಪೂರ್ಣ ವೇಗದಲ್ಲಿರುವ ಹಡಗು ಎಂಜಿನ್ ಹಿಂದಕ್ಕೆ ಹಾಕಿ ನಿಲ್ಲಲು ತೆಗೆದುಕೊಳ್ಳುವ ದೂರ 15 ಹಡಗುದ್ದ ಮೀರದಂತಿರಬೇಕು ಎಂಬುದು ಮಾನದಂಡ. 200 ಮೀಟರಿನ ಹಡಗಿಗೆ ಅದು ಮೂರು ಕಿಲೋಮೀಟರ್. ಚುಕ್ಕಾಣಿ ಪೂರ್ತಿ ಹಾಕಿದರೆ ಬೇಗ ತಿರುಗುತ್ತದೆ ಎನ್ನಬೇಡಿ. ಮೂಗು ತಿರುಗುವಾಗ ಹಿಂಭಾಗ ಆಚೆಗೆ ಬೀಸುತ್ತದೆ, ಪ್ರೊಪೆಲರ್ ಇರುವುದು ಅಲ್ಲಿ.

ಹೊಡೆದರೂ ನಮಗೆ ಗೊತ್ತಾಗುವುದಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ದೊಡ್ಡ ಹಡಗಿಗೆ ತಿಮಿಂಗಿಲ ತಾಗಿದರೆ ಕಂಪನವೇ ಇಲ್ಲ. 2024ರ ಮೇ ತಿಂಗಳಲ್ಲಿ ಒಂದು ಪ್ರವಾಸಿ ಹಡಗು ನ್ಯೂಯಾರ್ಕ್ ಬಂದರಿಗೆ ಬಂದಾಗ ಮೂಗಿನ ಗುಬುಟಿನ ಮೇಲೆ 44 ಅಡಿಯ ಸೇಯ್ ತಿಮಿಂಗಿಲದ ಹೆಣ ಅಡ್ಡವಾಗಿ ಕುಳಿತಿತ್ತು. ಸಾವಿರಾರು ಜನ ಇರುವ ಹಡಗು ಅದು.

ಆದ್ದರಿಂದ ಉಳಿಯುವುದು ವೇಗ ಒಂದೇ. 2007ರ ಒಂದು ಅಧ್ಯಯನದ ಲೆಕ್ಕ ನಮ್ಮ ತರಬೇತಿಯಲ್ಲೂ ತೋರಿಸುತ್ತಾರೆ. ಡಿಕ್ಕಿಯಾದರೆ ತಿಮಿಂಗಿಲ ಸಾಯುವ ಸಂಭವ 15 ನಾಟ್‌ನಲ್ಲಿ ನೂರಕ್ಕೆ 80ರ ಹತ್ತಿರ, 12ಕ್ಕಿಂತ ತುಸು ಕೆಳಗೆ ಇಳಿದರೆ 50, ಎಂಟೂವರೆಯಲ್ಲಿ 20. ಹತ್ತು ನಾಟ್‌ನಲ್ಲಿ ಪ್ರಾಣಿ ಸುರಕ್ಷಿತ ಎಂದು ಯಾರೂ ಹೇಳಿಲ್ಲ. ಬದುಕುವ ಪಾಲು ಹೆಚ್ಚು, ಅಷ್ಟೆ.

ಈಗ ಮೂಲ ಪ್ರಶ್ನೆ, ಕಷ್ಟವೇನು. ನ್ಯೂಯಾರ್ಕ್, ಡೆಲವೇರ್, ಚೆಸಪೀಕ್ ಬಂದರುಗಳ ಸುತ್ತ ಈ ವಲಯ ಇರುವುದು 20 ನಾಟಿಕಲ್ ಮೈಲಿ ತ್ರಿಜ್ಯದ್ದು, ನವೆಂಬರ್ 1ರಿಂದ ಏಪ್ರಿಲ್ 30ರವರೆಗೆ. 20 ಮೈಲಿಯನ್ನು 10 ನಾಟ್‌ನಲ್ಲಿ ದಾಟಲು ಎರಡು ಗಂಟೆ. 15 ನಾಟ್‌ನಲ್ಲಿ ಒಂದು ಗಂಟೆ ಇಪ್ಪತ್ತು ನಿಮಿಷ. ಹೋಗುವ ನಷ್ಟ ನಲವತ್ತು ನಿಮಿಷ. ಸಾಗರ ದಾಟಲು ಹತ್ತು ಹನ್ನೆರಡು ದಿನ ತೆಗೆದುಕೊಳ್ಳುವ ಹಡಗಿಗೆ ನಲವತ್ತು ನಿಮಿಷ.

ಕೇಪ್‌ಕಾಡ್ ನಿವಾಸಿ:

ಇದನ್ನೇ ನಾನು ಹೇಳುತ್ತಿರುವುದು! ಹಾಗಿದ್ದರೆ ತಕರಾರು ಯಾರದ್ದು?

ಪಣಂಬೂರು ನಾವಿಕ:

ನಲವತ್ತು ನಿಮಿಷವನ್ನು ಯಾರ ಖಾತೆಗೆ ಬರೆಯುವುದು ಎಂಬುದು ತಕರಾರು. ಹಡಗಿನ ಮಾಲೀಕ ಒಬ್ಬ, ಬಾಡಿಗೆಗೆ ಹಿಡಿದವನು ಇನ್ನೊಬ್ಬ, ಸರಕು ಮೂರನೆಯವನದು. ಒಪ್ಪಂದದಲ್ಲಿ ‘ಸಾಧ್ಯವಾದಷ್ಟು ಶೀಘ್ರವಾಗಿ’ ಎಂದು ಬರೆದಿರುತ್ತದೆ. ಬಂದರಿನೊಳಗೆ ದಾರಿ ತೋರಿಸುವ ಪೈಲಟ್ ಹಡಗು ಹತ್ತುವ ಹೊತ್ತು ತಪ್ಪಿದರೆ ಮುಂದಿನ ಉಬ್ಬರಕ್ಕೆ ಕಾಯಬೇಕು, ಕಾದರೆ ದಿನದ ಬಾಡಿಗೆ ಓಡುತ್ತದೆ. ಕಚೇರಿಯಿಂದ ಇಮೇಲ್ ಬರುತ್ತದೆ: ‘ಬರುವ ಹೊತ್ತನ್ನು ಮರುಪರಿಶೀಲಿಸಿ ತಿಳಿಸಿ.’ ನಯವಾದ ಭಾಷೆ. ಅರ್ಥ ಕ್ಯಾಪ್ಟನ್‌ಗೆ ಗೊತ್ತು. ಒಮ್ಮೆ ನಾನಿದ್ದ ಹಡಗನ್ನು ಹೀಗೆ ಓಡಿಸಿಕೊಂಡು ಹೋಗಿ, ಬಂದರಿನ ಹೊರಗೆ ಲಂಗರು ಹಾಕಿಸಿ ಎರಡು ದಿನ ಕೂರಿಸಿದರು, ಧಕ್ಕೆಯಲ್ಲಿ ಜಾಗ ಖಾಲಿ ಇರಲಿಲ್ಲ. ಸಮುದ್ರದಲ್ಲಿ ಇದು ದಿನನಿತ್ಯದ ಮಾತು.

ತಮಾಷೆ ಎಂದರೆ ನಿಧಾನ ಹೋದರೆ ಇಂಧನ ಉಳಿಯುತ್ತದೆ. ಬೇಕಾಗುವ ಎಂಜಿನ್ ಶಕ್ತಿ ಹೆಚ್ಚುಕಡಿಮೆ ವೇಗದ ಘನದಷ್ಟು ಏರುತ್ತದೆ. ಆದರೆ ಇಂಧನದ ಬಿಲ್ ಒಬ್ಬನದು, ತಡವಾದ ದಂಡ ಇನ್ನೊಬ್ಬನದು, ಹೀಗಾಗಿ ಲೆಕ್ಕ ಕೂಡುವುದೇ ಇಲ್ಲ. ಯಾವ ಹಡಗೂ ತಾನಾಗಿ ಮೊದಲು ನಿಧಾನ ಮಾಡುವುದಿಲ್ಲ. ಎಲ್ಲರಿಗೂ ಒಂದೇ ನಿಯಮ ಎಂದರೆ ಮಾಡುತ್ತಾರೆ, ಒಳಗೊಳಗೇ ಸಂತೋಷವೂ ಪಡುತ್ತಾರೆ. ನಾನು ಕಡ್ಡಾಯ ನಿಯಮದ ಪರ ಇರುವುದು ಇದೇ ಕಾರಣಕ್ಕೆ, ತಿಮಿಂಗಿಲದ ಮೇಲಿನ ಮಮತೆಯಿಂದ ಅಲ್ಲ.

ಪೈಲಟ್‌ಗಳ ಆಕ್ಷೇಪ ಮಾತ್ರ ನ್ಯಾಯವಾದದ್ದು. ಅಡ್ಡಗಾಳಿ, ಅಡ್ಡ ಸೆಳೆತ ಇರುವ ಕಿರಿದಾದ ಕಾಲುವೆಯಲ್ಲಿ ವೇಗ ತೀರಾ ಇಳಿಸಿದರೆ ಚುಕ್ಕಾಣಿಗೆ ನೀರು ಸಾಲದೆ ಹಡಗು ಮಾತು ಕೇಳುವುದಿಲ್ಲ. ಅದಕ್ಕೆ ನಿಯಮದಲ್ಲೇ ವಿನಾಯಿತಿ ಇದೆ: ಸುರಕ್ಷತೆಗಾಗಿ ವೇಗ ಏರಿಸಬೇಕಾದರೆ ಏರಿಸಿ, ಕಾರಣವನ್ನು ಲಾಗ್‌ಬುಕ್‌ನಲ್ಲಿ ಬರೆದು ಕ್ಯಾಪ್ಟನ್ ಸಹಿ ಹಾಕಬೇಕು.

ಜಾಕ್ಸನ್‌ವಿಲ್ ಗಾಳಗಾರ:

ದೊಡ್ಡ ಹಡಗಿನ ಮಾತು ಆಯಿತು. ನಾನು ಫ್ಲಾರಿಡಾದಲ್ಲಿ ಸಣ್ಣ ದೋಣಿಯವರ ಪರ. ವಾರದ ರಜೆಯಲ್ಲಿ ಗೆಳೆಯನ 38 ಅಡಿ ದೋಣಿಯಲ್ಲಿ ಮೀನು ಹಿಡಿಯಲು ಹೋಗುತ್ತೇನೆ. 2022ರ ಪ್ರಸ್ತಾವವನ್ನು ಇಲ್ಲಿ ನಾವೆಲ್ಲ ವಿರೋಧಿಸಿದ್ದೆವು, ನಾನೂ ಪತ್ರ ಬರೆದಿದ್ದೆ. ಕಾರಣ ಕೇಳಿ. ನಾವು ಹೋಗುವ ಜಾಗ ದಡದಿಂದ ನಲವತ್ತು ಐವತ್ತು ಮೈಲಿ. ಹತ್ತು ನಾಟ್‌ನಲ್ಲಿ ಹೋಗಿ ಬರುವುದರಲ್ಲೇ ದಿನ ಮುಗಿಯುತ್ತದೆ. ಮಧ್ಯಾಹ್ನ ಗಾಳಿ ಎದ್ದರೆ ಓಡಿ ಒಳಗೆ ಬರಬೇಕು, ಆಗ ವೇಗವೇ ನಮ್ಮ ಜೀವ. ಇನ್ನೊಂದು, ಇಂಥ ದೋಣಿಗಳು ವೇಗದಲ್ಲಿ ನೀರಿನ ಮೇಲೆ ಎದ್ದು ಓಡುವಂತೆ ಮಾಡಿರುವಂಥವು. ಹತ್ತು ನಾಟ್‌ನಲ್ಲಿ ಹಿಂಭಾಗ ಕುಸಿದು ಮೂಗು ಮೇಲಕ್ಕೆ ಎದ್ದು ನಿಲ್ಲುತ್ತದೆ, ಮುಂದೆ ಏನೂ ಕಾಣುವುದಿಲ್ಲ. ನಿಧಾನ ಮಾಡಿಸಿ ಕುರುಡು ಮಾಡಿದಂತೆ ಆಗುತ್ತದೆ. ವರ್ಷಕ್ಕೆ ನೂರಾರು ಸಲ ಹೋದವರೂ ಒಂದು ರೈಟ್ ತಿಮಿಂಗಿಲ ಕಂಡಿರುವುದಿಲ್ಲ. ಅಪರೂಪದ ಪ್ರಾಣಿಗಾಗಿ ಎಲ್ಲ ದೋಣಿಗಳನ್ನೂ ಕಟ್ಟಿಹಾಕುವುದು ನ್ಯಾಯವೇ?

ಕೇಪ್‌ಕಾಡ್ ನಿವಾಸಿ:

ಗಾಳಗಾರರೇ, ಮೂಗೇಳುವ ಮಾತು ನಿಜ, ಒಪ್ಪುತ್ತೇನೆ. ಆದರೆ ನಿಮ್ಮೂರಿನ ಪಕ್ಕದ್ದೇ ಕಥೆ ಹೇಳುತ್ತೇನೆ. 2021ರ ಫೆಬ್ರವರಿಯಲ್ಲಿ ಸೇಂಟ್ ಆಗಸ್ಟೀನ್ ಬಳಿ 54 ಅಡಿಯ ಮೀನುಗಾರಿಕೆ ದೋಣಿಯೊಂದು ತಿಂಗಳ ಮರಿಗೆ ಡಿಕ್ಕಿ ಹೊಡೆಯಿತು. ದೋಣಿಗೆ ನೀರು ನುಗ್ಗಿ, ಮುಳುಗದಿರಲೆಂದು ಅದನ್ನು ದಿಬ್ಬಕ್ಕೆ ಹತ್ತಿಸಿದರು. ಮರುದಿನ ಮರಿಯ ಹೆಣ ದಡಕ್ಕೆ ಬಂತು: ಬೆನ್ನಿನ ಮೇಲೆ ಪ್ರೊಪೆಲರ್ ಸೀಳಿದ ಗೆರೆಗಳು, ತಲೆಬುರುಡೆ ಮತ್ತು ಪಕ್ಕೆಲುಬು ಮುರಿದಿದ್ದವು. ಇನ್ಫಿನಿಟಿ ಎಂದು ಹೆಸರಿಟ್ಟಿದ್ದ ತಾಯಿ ಕೆಲವು ದಿನಗಳ ನಂತರ ಕಂಡಾಗ ಅದಕ್ಕೂ ಗಾಯ. 65 ಅಡಿಗಿಂತ ಚಿಕ್ಕ ದೋಣಿ, ಆದ್ದರಿಂದ ವೇಗದ ನಿಯಮ ಅದಕ್ಕೆ ಅನ್ವಯಿಸಲೇ ಇಲ್ಲ.

2024ರ ಜನವರಿಯಲ್ಲಿ ದಕ್ಷಿಣ ಕ್ಯಾರೊಲೈನಾ ಬಳಿ ಜೂನೋ ಎಂಬ ಹೆಣ್ಣಿನ ಮರಿಯ ತಲೆ, ತುಟಿಗಳ ಮೇಲೆ ಪ್ರೊಪೆಲರ್ ಗಾಯ ಕಾಣಿಸಿತು. ಹಾಲು ಕುಡಿಯಲೂ ಆಗದ ಸ್ಥಿತಿ. ಮಾರ್ಚ್‌ನಲ್ಲಿ ಜಾರ್ಜಿಯಾದ ಕಂಬರ್‌ಲೆಂಡ್ ದ್ವೀಪದ ದಡಕ್ಕೆ ಹೆಣ ಬಂತು. ಗಾಯದ ಅಳತೆ ನೋಡಿ, ಹೊಡೆದ ದೋಣಿ 35ರಿಂದ 57 ಅಡಿಯೊಳಗಿನದು ಎಂದು ಅಂದಾಜಿಸಿದರು. ಹಿಂದಕ್ಕೆ ಪಡೆದ ಪ್ರಸ್ತಾವ ಮುಟ್ಟುತ್ತಿದ್ದ ಗಾತ್ರವೇ ಅದು.

ನೀವು ಕಾಣುವುದಿಲ್ಲ ಎನ್ನುತ್ತೀರಿ. ಮರಿ ಹಾಕಲು ಅವು ಬರುವುದೇ ನಿಮ್ಮ ಜಾರ್ಜಿಯಾ-ಫ್ಲಾರಿಡಾ ಕರಾವಳಿಗೆ, ಅದೂ ದಡಕ್ಕೆ ಹತ್ತಿರ. ನಿಮ್ಮ ದೋಣಿ ಎಷ್ಟೋ ಸಲ ಅವುಗಳ ಪಕ್ಕದಲ್ಲೇ ಹೋಗಿರಬಹುದು.

ಜಾಕ್ಸನ್‌ವಿಲ್ ಗಾಳಗಾರ:

ಆ ಎರಡೂ ಘಟನೆ ಗೊತ್ತು. 54 ಅಡಿ ದೋಣಿಯಲ್ಲಿದ್ದವರೂ ಸಾಯಬಹುದಿತ್ತು ಎಂಬುದೂ ಗೊತ್ತು. ನನ್ನ ವಾದ ವೇಗ ಇಳಿಸಬೇಡಿ ಎಂದಲ್ಲ. ಕರಾವಳಿಯಿಂದ ಎಷ್ಟೋ ಮೈಲಿ ಆಚೆಯವರೆಗೆ ಐದಾರು ತಿಂಗಳು ಸಾರಾಸಗಟು ಗೆರೆ ಎಳೆಯುವ ಬದಲು, ಪ್ರಾಣಿ ಇರುವ ಜಾಗ ತಿಳಿಸಿ, ಅಲ್ಲಿ ನಿಧಾನ ಮಾಡುತ್ತೇವೆ. ನೀರಿನೊಳಗೆ ಮೈಕ್ರೊಫೋನ್ ಇಟ್ಟಿದ್ದಾರಲ್ಲ, ಕೇಳಿ ಹೇಳಲಿ.

ಉಡುಪಿ ಉಪನ್ಯಾಸಕಿ:

ಮೈಕ್ರೊಫೋನ್ ಕಟ್ಟಿದ ತೇಲುಬುರುಡೆಗಳು ಉತ್ತರದ ಮೇವಿನ ಜಾಗಗಳಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ. ದೊಡ್ಡ ಪ್ರಾಣಿಗಳು ಒಂದನ್ನೊಂದು ಕರೆಯುತ್ತಿರುತ್ತವೆ, ಬುರುಡೆ ಕೇಳಿ ತಿಳಿಸುತ್ತದೆ. ಮರಿ ಹಾಕುವ ಜಾಗದಲ್ಲಿ ಹಾಗಲ್ಲ. ಮರಿ ಚಿಕ್ಕದಿರುವಾಗ ತಾಯಿ ದೊಡ್ಡ ದನಿಯ ಕರೆಗಳನ್ನು ಬಹುತೇಕ ನಿಲ್ಲಿಸಿಬಿಡುತ್ತದೆ, ಹತ್ತಿರದಲ್ಲಿದ್ದರೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ ಗೊಣಗುತ್ತದೆ. ಶಾರ್ಕ್ ಮತ್ತು ಓರ್ಕಾಗಳ ಕಿವಿಗೆ ಬೀಳದಿರಲು ಇರಬೇಕು ಎಂದು ಸಂಶೋಧಕರ ಊಹೆ. ಅಂದರೆ ನಾವು ಉಳಿಸಲೇಬೇಕಾದ ಜೋಡಿಯೇ ಮೈಕ್ರೊಫೋನ್‌ಗೆ ಸಿಗುವುದಿಲ್ಲ. ವಿಮಾನದಿಂದ ನೋಡಬಹುದು, ಮೋಡ ಇಲ್ಲದಿದ್ದರೆ, ಅಲೆ ಇಲ್ಲದಿದ್ದರೆ, ಹಗಲಾಗಿದ್ದರೆ.

ಗೆರೆ ಎಳೆಯುವುದರಲ್ಲೂ ತೊಡಕಿದೆ, ಅದು ಗಾಳಗಾರರ ಪರವಾದ ಮಾತು. ಸುಮಾರು 2010ರ ನಂತರ ಅಮೆರಿಕದ ಈಶಾನ್ಯದಲ್ಲಿರುವ ಮೇನ್ ಕೊಲ್ಲಿಯ ನೀರು ಬಿಸಿಯಾಗಿ ಕೊಪೆಪಾಡ್‌ಗಳು ಕಡಿಮೆಯಾದವು. ತಿಮಿಂಗಿಲಗಳು ಮೇವು ಹುಡುಕಿಕೊಂಡು ಕೆನಡಾದ ಸೇಂಟ್ ಲಾರೆನ್ಸ್ ಕೊಲ್ಲಿಗೆ ಹೋದವು. ಅಲ್ಲಿ ಅವುಗಳಿಗಾಗಿ ಯಾವ ವೇಗಮಿತಿಯೂ ಇರಲಿಲ್ಲ. 2017ರಲ್ಲಿ ಒಟ್ಟು 17 ಸತ್ತವು, ಅದರಲ್ಲಿ 12 ಕೆನಡಾದ ನೀರಿನಲ್ಲಿ. ಅದೇ ವರ್ಷ ಕೆನಡಾ 10 ನಾಟ್ ಮಿತಿ ತಂದಿತು, ಮುಂದೆ ಅದನ್ನು 13 ಮೀಟರಿನ ದೋಣಿಗಳಿಗೂ ಅನ್ವಯಿಸಿತು. ಮೊದಲ ಹೆಣಗಳು ತೇಲಿದ ಮೇಲೆ ನಕ್ಷೆ ಬದಲಾಯಿತು. ಅದರ ಮುಂದಿನ ಋತುವಿನಲ್ಲಿ ಒಂದೇ ಒಂದು ಮರಿಯೂ ಹುಟ್ಟಲಿಲ್ಲ.

ಹಡಗು ತಾಗದಿದ್ದರೂ ಹಾನಿ ಇದೆ ಎಂಬುದಕ್ಕೆ ಒಂದು ವಿಚಿತ್ರ ಪುರಾವೆ ಹೇಳಬೇಕು. ತಿಮಿಂಗಿಲದ ರಕ್ತ ತೆಗೆಯಲಾಗುವುದಿಲ್ಲವಲ್ಲ, ಸಂಶೋಧಕರು ಅದರ ಸಗಣಿ ಹುಡುಕುತ್ತಾರೆ. ಕೆಂಪು ಮಿಶ್ರಿತ ಕಂದು ಬಣ್ಣ, ನೀರಿನ ಮೇಲೆ ಸ್ವಲ್ಪ ಹೊತ್ತು ತೇಲುತ್ತದೆ, ವಿಪರೀತ ನಾತ. ಅದನ್ನು ಹುಡುಕಲು ನಾಯಿಗಳಿಗೆ ತರಬೇತಿ ಕೊಟ್ಟು ದೋಣಿಯ ಮೂಗಿನಲ್ಲಿ ನಿಲ್ಲಿಸುತ್ತಾರೆ. ನಾಯಿ ಯಾವ ಕಡೆ ಬಾಗುತ್ತದೋ ಆ ಕಡೆ ದೋಣಿ ತಿರುಗುತ್ತದೆ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಕೆಲವು ದಿನ ಕೆನಡಾದ ಫಂಡಿ ಕೊಲ್ಲಿಯಲ್ಲಿ ಹಡಗು ಸಂಚಾರ ಇಳಿದುಹೋಯಿತು, ನೀರಿನೊಳಗಿನ ಶಬ್ದ ಆರು ಡೆಸಿಬೆಲ್ ತಗ್ಗಿತು. ಆ ದಿನಗಳ ಸಗಣಿಯಲ್ಲಿ ಒತ್ತಡದ ಹಾರ್ಮೋನು ಕಡಿಮೆ ಇತ್ತು. ಬೇರೆ ವರ್ಷಗಳ ಅದೇ ದಿನಗಳಲ್ಲಿ ಅಂಥ ಇಳಿತ ಇಲ್ಲ.

ಅರಸೀಕೆರೆ ತೆಂಗು:

ನಾಯಿ ಮೂಸಿ ತಿಮಿಂಗಿಲದ ಸಗಣಿ ಹುಡುಕುವುದನ್ನು ಓದಿ ಮನೆಯವರಿಗೆಲ್ಲ ಹೇಳಿದೆ, ಯಾರೂ ನಂಬಲಿಲ್ಲ. ಇರಲಿ. ಇದೆಲ್ಲ ಅಮೆರಿಕದ ಮಾತಾಯಿತು. ನಮ್ಮ ಕಡೆ ಇಂಥದ್ದು ಇದೆಯೇ?

ಪಣಂಬೂರು ನಾವಿಕ:

ನಮ್ಮ ಕಡೆ ಇನ್ನೂ ಕೆಟ್ಟದಾಗಿದೆ ಮಾರಾಯರೇ, ಎಣಿಸುವವರು ಕಡಿಮೆ ಅಷ್ಟೆ. ಶ್ರೀಲಂಕಾದ ದಕ್ಷಿಣ ತುದಿ ದೋಂಡ್ರಾ. ಸೂಯೆಜ್‌ನಿಂದ ಸಿಂಗಪುರದ ಕಡೆಗೆ ಹೋಗುವ ಹಡಗುಗಳೆಲ್ಲ ಆ ಮೂಲೆಯನ್ನು ಉಜ್ಜಿಕೊಂಡೇ ತಿರುಗುತ್ತವೆ, ಜಗತ್ತಿನ ಅತಿ ಗಿಜಿಗುಡುವ ದಾರಿಗಳಲ್ಲಿ ಒಂದು. ಸರಿಯಾಗಿ ಅಲ್ಲೇ ನೀಲಿ ತಿಮಿಂಗಿಲಗಳು ಮೇಯುತ್ತವೆ. ಅಲ್ಲಿ ಕಾವಲು ನಿಂತಾಗ ಮೀನು ದೋಣಿ, ಮಿರಿಸ್ಸಾದಿಂದ ತಿಮಿಂಗಿಲ ತೋರಿಸಲು ಬರುವ ಪ್ರವಾಸಿ ದೋಣಿ, ಎದುರು ಬರುವ ಕಂಟೇನರ್ ಹಡಗು, ಇವುಗಳ ಮಧ್ಯೆ ದಾರಿ ಹುಡುಕುವುದರಲ್ಲೇ ನಾಲ್ಕು ಗಂಟೆ ಹೋಗುತ್ತದೆ. ದಾರಿಯನ್ನು ಹದಿನೈದು ಮೈಲಿ ದಕ್ಷಿಣಕ್ಕೆ ಸರಿಸಿದರೆ ತಿಮಿಂಗಿಲಕ್ಕೂ ಒಳ್ಳೆಯದು, ನಮ್ಮ ತಲೆನೋವೂ ಕಡಿಮೆ. ಎಂಎಸ್‌ಸಿ ಎಂಬ ಹಡಗು ಕಂಪನಿ 2022ರಲ್ಲಿ ತಾನಾಗಿಯೇ ತನ್ನ ಹಡಗುಗಳನ್ನು ಹಾಗೆ ಸರಿಸಿತು. ಅಧಿಕೃತ ದಾರಿ ಸರಿಯಬೇಕಾದರೆ ಆ ದೇಶದ ಸರ್ಕಾರ ಅಂತರರಾಷ್ಟ್ರೀಯ ಕಡಲು ಸಂಸ್ಥೆಯ ಮುಂದೆ ಕೇಳಬೇಕು.

ಸರಿಸಿದರೆ ಕೆಲಸ ಆಗುತ್ತದೆ ಎಂಬುದಕ್ಕೆ ಕೇಪ್‌ಕಾಡ್‌ನವರ ಕಡೆಯ ಸಮುದ್ರವೇ ಸಾಕ್ಷಿ. ಫಂಡಿ ಕೊಲ್ಲಿಯ ದಾರಿಯನ್ನು 2003ರಲ್ಲಿ, ಬಾಸ್ಟನ್ ದಾರಿಯನ್ನು 2007ರಲ್ಲಿ ಸರಿಸಿದರು. ನ್ಯೂಜಿಲೆಂಡಿನ ಆಕ್ಲೆಂಡ್ ಬಳಿಯ ಹೌರಾಕಿ ಕೊಲ್ಲಿಯಲ್ಲಿ ಕಾನೂನೂ ಬೇಕಾಗಲಿಲ್ಲ. 2013ರಲ್ಲಿ ಬಂದರಿನವರು, ಹಡಗಿನವರು, ಸಂಶೋಧಕರು ಕೂತು ಮಾತಾಡಿ ವೇಗ ಇಳಿಸಿಕೊಂಡರು. ಬ್ರೈಡ್ಸ್ ತಿಮಿಂಗಿಲಗಳ ಸಾವು ಬಹುತೇಕ ನಿಂತೇಹೋಯಿತು. ಒಂದೇ ಬಂದರು, ಗೊತ್ತಿರುವ ಕಂಪನಿಗಳು, ಅದಕ್ಕೇ ಸಾಧ್ಯವಾಯಿತು ಎನ್ನಿ.

ಉಡುಪಿ ಉಪನ್ಯಾಸಕಿ:

ಅರಬ್ಬಿ ಸಮುದ್ರದ ಹಂಪ್‌ಬ್ಯಾಕ್ ತಿಮಿಂಗಿಲಗಳನ್ನೂ ಸೇರಿಸಿಕೊಳ್ಳಿ. ಬೇರೆಡೆಯ ಹಂಪ್‌ಬ್ಯಾಕ್‌ಗಳು ಧ್ರುವದ ಕಡೆಗೆ ವಲಸೆ ಹೋಗುತ್ತವೆ. ಇವು ಹೋಗುವುದಿಲ್ಲ, ವರ್ಷವಿಡೀ ನಮ್ಮ ಸಮುದ್ರದಲ್ಲೇ ಇರುತ್ತವೆ. ಒಮಾನ್ ಬಳಿಯ ಅಂದಾಜು ನೂರಕ್ಕಿಂತ ಕಡಿಮೆ. 1965-66ರಲ್ಲಿ ಸೋವಿಯತ್ ಬೇಟೆ ಹಡಗುಗಳು ಕದ್ದುಮುಚ್ಚಿ ಇಲ್ಲಿ 242ನ್ನು ಕೊಂದಿದ್ದವು, ಆ ಪೆಟ್ಟಿನಿಂದ ಇನ್ನೂ ಚೇತರಿಸಿಕೊಂಡಿಲ್ಲ. ಗೋವಾದ ಕಡಲಿನಲ್ಲಿ ಇವುಗಳ ಹಾಡು ದಾಖಲಾಗಿದೆ. ಪರ್ಷಿಯನ್ ಕೊಲ್ಲಿಯ ಟ್ಯಾಂಕರ್‌ಗಳೆಲ್ಲ ಓಡಾಡುವುದು ಇದೇ ಸಮುದ್ರದಲ್ಲಿ.

ಸದಾಶಿವಗಡ:

ಕಾರವಾರದವಳು ನಾನು. ಇಷ್ಟು ಹೊತ್ತು ಓದಿದೆ, ತಿಮಿಂಗಿಲದ ಮಟ್ಟದ ಮಾತು ನನ್ನದಲ್ಲ. ನಮ್ಮಲ್ಲಿರುವುದು ಡಾಲ್ಫಿನ್. ಕಾಳಿ ನದಿಯ ಅಳಿವೆಯಿಂದ ದೇವಬಾಗ, ಕೂರ್ಮಗಡದವರೆಗೆ ಕಾಣುವ ಗೂನುಬೆನ್ನಿನ ಡಾಲ್ಫಿನ್. ಇದೂ ಅಳಿವಿನಂಚಿನ ಪಟ್ಟಿಯಲ್ಲಿದೆ, ವನ್ಯಜೀವಿ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿದೆ. ನನ್ನ ತಮ್ಮ ಪ್ರವಾಸಿಗರಿಗೆ ಡಾಲ್ಫಿನ್ ತೋರಿಸುವ ದೋಣಿ ನಡೆಸುತ್ತಾನೆ.

ಇವು ದಡ ಬಿಟ್ಟು ದೂರ ಹೋಗುವುದಿಲ್ಲ, ಆಳವಿಲ್ಲದ ನೀರೇ ಇವುಗಳ ಮನೆ. ಮೀನು ದೋಣಿ, ಬಂದರಿನ ಹಡಗು, ಪ್ರವಾಸಿ ದೋಣಿ ಎಲ್ಲವೂ ಅದೇ ನೀರಿನಲ್ಲಿ. ಡಿಸೆಂಬರ್ ರಜೆಯಲ್ಲಿ ಬೆಳಗ್ಗೆ ಒಂದು ಡಾಲ್ಫಿನ್ ಎದ್ದರೆ ನಾಲ್ಕೂ ಕಡೆಯಿಂದ ಔಟ್‌ಬೋರ್ಡ್ ಎಂಜಿನ್ ದೋಣಿಗಳು ಅದರ ಮೇಲೆ ಹೋಗುತ್ತವೆ. ಪ್ರವಾಸಿಗರು ಸಿಳ್ಳೆ ಹಾಕುತ್ತಾರೆ, ‘ಹತ್ತಿರ, ಇನ್ನೂ ಹತ್ತಿರ’ ಎನ್ನುತ್ತಾರೆ, ಮೊಬೈಲ್ ಹಿಡಿದು ಒಂದೇ ಪಕ್ಕಕ್ಕೆ ಬಾಗುತ್ತಾರೆ. ಡಾಲ್ಫಿನ್ ಮುಳುಗುತ್ತದೆ, ಬಹಳ ಹೊತ್ತು ಏಳುವುದಿಲ್ಲ, ಎದ್ದರೆ ದೂರದಲ್ಲಿ ಏಳುತ್ತದೆ. ಆಗ ಎಲ್ಲ ದೋಣಿಯೂ ಅಲ್ಲಿಗೆ. ತಮ್ಮ ಮೊದಲು ಹಾಗೆಯೇ ಮಾಡುತ್ತಿದ್ದ. ಈಗ ದೂರದಲ್ಲೇ ಎಂಜಿನ್ ನ್ಯೂಟ್ರಲ್‌ಗೆ ಹಾಕಿ ಸುಮ್ಮನೆ ಕೂರುತ್ತಾನೆ. ಸುಮ್ಮನಿದ್ದರೆ ಅವೇ ದೋಣಿಯ ಪಕ್ಕಕ್ಕೆ ಬರುವುದುಂಟು. ಬಾರದ ದಿನ ಗಿರಾಕಿಗಳು ದುಡ್ಡು ವಾಪಸ್ಸು ಕೇಳುತ್ತಾರೆ, ಪಕ್ಕದ ದೋಣಿಯವನು ನಗುತ್ತಾನೆ. ನಾವಿಕರು ಹೇಳಿದ ‘ಯಾವ ಹಡಗೂ ತಾನಾಗಿ ಮೊದಲು ನಿಧಾನ ಮಾಡುವುದಿಲ್ಲ’ ಎಂಬ ಮಾತು ಓದಿ ಅವನಿಗೇ ಫೋನ್ ಮಾಡಿ ಓದಿ ಹೇಳಿದೆ.

ಪಣಂಬೂರು ನಾವಿಕ:

ತಂಗಿ, ನಿಮ್ಮ ತಮ್ಮನಿಗೆ ನನ್ನ ಸಲಾಂ ಹೇಳಿ. ಪ್ರೊಪೆಲರ್‌ನಿಂದ ಮಾತ್ರವಲ್ಲ, ಅಡ್ಡಗಟ್ಟುವುದರಿಂದಲೂ ಹಾನಿ ಆಗುತ್ತದೆ ಎಂದು ಎಲ್ಲ ದೋಣಿಯವರಿಗೂ ತಿಳಿಸಬೇಕು.

ಜಾಕ್ಸನ್‌ವಿಲ್ ಗಾಳಗಾರ:

ಒಂದು ಪ್ರಾಯೋಗಿಕ ಪ್ರಶ್ನೆ ಇನ್ನೂ ಉಳಿದಿದೆ. ನಿಯಮ ಬಂದರೂ ಹಿಡಿಯುವವರು ಯಾರು? ದೊಡ್ಡ ಹಡಗಿನ ವೇಗ, ಹಡಗು ತಾನಿರುವ ಜಾಗ ಮತ್ತು ವೇಗವನ್ನು ರೇಡಿಯೊದಲ್ಲಿ ಸಾರುವ ಎಐಎಸ್ ಸಂಕೇತದಿಂದ ದಡದಲ್ಲಿ ಕೂತವರಿಗೂ ಗೊತ್ತಾಗುತ್ತದೆ, ದಂಡ ಹಾಕುತ್ತಾರೆ. ನಮ್ಮಂಥ ಖಾಸಗಿ ಸಣ್ಣ ದೋಣಿಗೆ ಅದು ಕಡ್ಡಾಯವಲ್ಲ. ಗೆಳೆಯನ ದೋಣಿಯಲ್ಲಿ ಇರುವುದು ಬೇರೆಯವರ ಸಂಕೇತ ನೋಡುವ ಉಪಕರಣ ಮಾತ್ರ. ನಾವು ಎಷ್ಟು ವೇಗದಲ್ಲಿದ್ದೇವೆ ಎಂದು ದೇವರಿಗೇ ಗೊತ್ತು. 35 ಅಡಿಯ ನಿಯಮ ಬಂದಿದ್ದರೂ ಒಳ್ಳೆಯವರು ಪಾಲಿಸುತ್ತಿದ್ದರು, ಉಳಿದವರು ಅವರನ್ನು ದಾಟಿಕೊಂಡು ಹೋಗುತ್ತಿದ್ದರು.

ಕೇಪ್‌ಕಾಡ್ ನಿವಾಸಿ:

ಹಾಗಾದರೆ ಸಣ್ಣ ದೋಣಿಗೂ ಎಐಎಸ್ ಕಡ್ಡಾಯ ಮಾಡಿ ಎಂದು ನೀವೇ ಪತ್ರ ಬರೆಯಿರಿ. ವಿರೋಧಕ್ಕೆ ಬರೆದ ಕೈಯಲ್ಲೇ.

ಜಾಕ್ಸನ್‌ವಿಲ್ ಗಾಳಗಾರ:

ಬರೆದರೆ ಗೆಳೆಯ ಮತ್ತೆ ದೋಣಿಗೆ ಹತ್ತಿಸುವುದಿಲ್ಲ. ಅವನು ಮೀನು ಸಿಗುವ ಜಾಗ ಬೇರೆಯವರಿಗೆ ಗೊತ್ತಾಗಬಾರದೆಂದು ಫೋಟೊದಲ್ಲಿ ಹಿನ್ನೆಲೆಯನ್ನೇ ಅಳಿಸುವ ಮನುಷ್ಯ. ಆದರೂ ವಿಚಾರ ಮಾಡುತ್ತೇನೆ. ನವೆಂಬರ್ 15ರಿಂದ ಏಪ್ರಿಲ್ 15 ನಮ್ಮ ಕಡೆಯ ಮರಿಗಳ ಕಾಲ. ಅಷ್ಟು ದಿನ ಅಳಿವೆಯ ಬಾಯಿಯಿಂದ ಮೊದಲ ಹತ್ತು ಹದಿನೈದು ಮೈಲಿಯಾದರೂ ನಿಧಾನ ಹೋಗೋಣ ಎಂದು ಅವನ ಹತ್ತಿರ ಕೇಳಬಲ್ಲೆ. ತಾಯಿ-ಮರಿ ಹೆಚ್ಚು ಕಾಣುವುದು ಆ ಭಾಗದಲ್ಲೇ ಎಂದು ನೀವೇ ಹೇಳುತ್ತಿದ್ದೀರಿ.

ಸದಾಶಿವಗಡ:

ನಮ್ಮಲ್ಲಿ ಹಿಡಿಯುವುದಕ್ಕೆ ಎಐಎಸ್ ಬೇಡ, ಯಾರ ದೋಣಿ ಯಾವುದು ಎಂದು ದಡದಲ್ಲಿ ನಿಂತ ಮಕ್ಕಳೂ ಹೇಳುತ್ತಾರೆ. ಬೇಕಾಗಿರುವುದು ಎಲ್ಲರೂ ಒಪ್ಪಿದ ಮಾತು. ಮಳೆಗಾಲ ಮುಗಿದು ಪ್ರವಾಸಿ ಕಾಲ ಶುರುವಾಗುವ ಮುಂಚೆ ದೋಣಿಯವರ ಸಭೆ ಇರುತ್ತದೆ. ನಾವಿಕ ಅಣ್ಣ, ಸಭೆಯಲ್ಲಿ ಓದಲು ಅರ್ಧ ಪುಟ ಬರೆದುಕೊಡುತ್ತೀರಾ? ಅಕ್ಕ ಹೇಳಿದಳು ಎಂದರೆ ಯಾರೂ ಕೇಳುವುದಿಲ್ಲ, ಹಡಗಿನ ಚೀಫ್ ಆಫೀಸರ್ ಬರೆದದ್ದು ಎಂದರೆ ಕೇಳುತ್ತಾರೆ.

ಪಣಂಬೂರು ನಾವಿಕ:

ಅರ್ಧ ಪುಟವೂ ಬೇಡ. ಡಾಲ್ಫಿನ್ ಕಂಡ ಕೂಡಲೇ ವೇಗ ಇಳಿಸುವುದು, ಹತ್ತಿರವಾದರೆ ನ್ಯೂಟ್ರಲ್. ಎದುರಿನಿಂದ ಅಡ್ಡ ಹೋಗದೆ ಪಕ್ಕದಲ್ಲಿ ಸಮಾನಾಂತರವಾಗಿ ಸಾಗುವುದು. ಮರಿ ಜೊತೆಗಿದ್ದರೆ ತಿರುಗಿ ಹೊರಡುವುದು. ಒಂದು ಗುಂಪಿನ ಬಳಿ ಒಂದು ಹೊತ್ತಿಗೆ ಎರಡೇ ದೋಣಿ, ಉಳಿದವರು ಸರದಿ ಕಾಯುವುದು. ಗಿರಾಕಿಗೆ ಹತ್ತುವ ಮುಂಚೆಯೇ ‘ಕಂಡರೆ ಕಂಡಿತು, ಇಲ್ಲದಿದ್ದರೆ ದುಡ್ಡು ವಾಪಸ್ಸಿಲ್ಲ’ ಎಂದು ಎಲ್ಲ ದೋಣಿಯವರೂ ಒಂದೇ ಬಾಯಲ್ಲಿ ಹೇಳುವುದು. ಕೊನೆಯದು ಎಲ್ಲಕ್ಕಿಂತ ಮುಖ್ಯ. ಒಬ್ಬನು ವಾಪಸ್ಸು ಕೊಟ್ಟರೂ ಉಳಿದದ್ದೆಲ್ಲ ನೀರಿಗೆ ಹೋಗುತ್ತದೆ. ಎರಡು ದೋಣಿ ಎಂಬುದನ್ನು ಒಪ್ಪುತ್ತಾರೋ ಇಲ್ಲವೋ, ಬೇಕಾದರೆ ಮೂರು ಎಂದು ಬರೆಯುತ್ತೇನೆ.

ಸದಾಶಿವಗಡ:

ಬೇಡ, ಎರಡು ಎಂದೇ ಬರೆಯಿರಿ. ಸಭೆಯಲ್ಲಿ ಅವರು ನಾಲ್ಕು ಎನ್ನುತ್ತಾರೆ, ಜಗಳವಾಗಿ ಮೂರಕ್ಕೆ ನಿಲ್ಲುತ್ತದೆ.